ಬೋರ್ಡಿನಲ್ಲಿ ಸಂಘ, ಬಾಯಲ್ಲಿ ಕಂಪನಿ

ಗುಬ್ಬಿ ವೀರಣ್ಣನವರ ನಾಟಕ ತಂಡದ ಅಧಿಕೃತ ಹೆಸರಿನಲ್ಲಿ ‘ಕಂಪನಿ’ ಎಂಬ ಪದವೇ ಇರಲಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಅದು ಊರ ದೇವರು ಚನ್ನಬಸವೇಶ್ವರನ ಹೆಸರು ಹೊತ್ತ ‘ಕೃಪಾಪೋಷಿತ ನಾಟಕ ಸಂಘ’. ಬೋರ್ಡಿನ ಮೇಲೆ ಸಂಘ. ನಾಟಕ ನೋಡಲು ಗಾಡಿ ಕಟ್ಟಿಕೊಂಡು ಬಂದವರ ಬಾಯಲ್ಲಿ ಮಾತ್ರ ಗುಬ್ಬಿ ಕಂಪನಿ. ಇದನ್ನು ತಿರುಗಾಮುರುಗಾ ಮಾಡಿದಂಥ ಇನ್ನೊಂದು ಉದಾಹರಣೆ ಅದೇ ಗುಬ್ಬಿಯ ಮನೆಮನೆಯ ಕರೆಂಟ್ ಬಿಲ್ಲಿನಲ್ಲಿ ಸಿಗುತ್ತದೆ. ಬಿಲ್ಲು ಕೊಡುವ ಬೆಸ್ಕಾಂ 2002ರಿಂದ ಕಾಯ್ದೆಯ ಪ್ರಕಾರವೇ ಕಂಪನಿ. ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ಎಂದು ಹೆಸರಿನಲ್ಲೇ ಬರೆದುಕೊಂಡಿದೆ. ಆದರೆ ಮಳೆಗಾಲದಲ್ಲಿ ಕಂಬ ಹತ್ತುವವನು ಇಂದಿಗೂ ‘ಕೆಇಬಿಯವನು’. ವಿದ್ಯುಚ್ಛಕ್ತಿ ಮಂಡಳಿ ಹೋಗಿ ಎರಡು ದಶಕ ಕಳೆದರೂ ಜನ ಮಂಡಳಿಯನ್ನೇ ಉಳಿಸಿಕೊಂಡಿದ್ದಾರೆ. ಕಂಪನಿಯಲ್ಲದ್ದನ್ನು ಕಂಪನಿ ಎನ್ನುತ್ತಾರೆ, ಕಂಪನಿಯಾದದ್ದನ್ನು ಹಾಗೆ ಕರೆಯಲು ಒಪ್ಪುವುದಿಲ್ಲ. ಇದನ್ನು ಇಂಗ್ಲಿಷ್ ಸರಿಯಾಗಿ ಬಾರದವರ ಗೊಂದಲ ಎಂದು ತಳ್ಳಿಹಾಕುವುದು ಸುಲಭ. ನನ್ನ ವಾದ ಬೇರೆ. ಗುಬ್ಬಿ ಸೇರಿದ ತುಮಕೂರು ಸೀಮೆಯ ಮಾತಿನಲ್ಲಿ ‘ಕಂಪನಿ’ಗೆ ಖಚಿತವಾದ ಒಂದು ನಡುವಣ ಅರ್ಥವಿದೆ: ಸಂಬಳ ಕೊಡುವ ಹೊರಗಿನ ಒಡೆತನ. ಅದು ಇಂಗ್ಲಿಷ್ ನಿಘಂಟಿನಲ್ಲೂ ಇಲ್ಲ, ಕಂಪನಿ ಕಾಯ್ದೆಯಲ್ಲೂ ಇಲ್ಲ.

ಮೊದಲು ಇಂಗ್ಲಿಷ್ ಪದದ ಮೂಲ ನೋಡಿಬಿಡೋಣ. ಲ್ಯಾಟಿನ್ನಿನಲ್ಲಿ ‘ಪಾನಿಸ್’ ಎಂದರೆ ರೊಟ್ಟಿ, ‘ಕಾಮ್’ ಎಂದರೆ ಜೊತೆ. ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿನ್ನುವವರು ಒಡನಾಡಿಗಳು, ಅವರ ಕೂಟ ಕಂಪನಿ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ ಒಡನಾಟದಿಂದ ಅತಿಥಿಗಳಿಗೆ, ದಂಡಿನ ತುಕಡಿಗೆ, ಹಡಗಿನ ಸಿಬ್ಬಂದಿಗೆ, ನಟರ ತಂಡಕ್ಕೆ, ವರ್ತಕರ ಕೂಟಕ್ಕೆ ಹರಡಿಕೊಂಡಿತು. ಬುಡ ಊಟದ ಪಂಕ್ತಿಯಲ್ಲಿದೆ, ವ್ಯಾಪಾರ ಅದರ ಒಂದು ಕೊಂಬೆ. ಮೂಲಾರ್ಥವನ್ನೇ ಹಿಡಿದು ಹೋದರೆ ತುಮಕೂರಿನ ಅತಿ ದೊಡ್ಡ ಕಂಪನಿ ಸಿದ್ಧಗಂಗಾ ಮಠವಾಗಬೇಕು. ದಿನವೂ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಉಣ್ಣುವ ಜಾಗ ಅದು. ಆದರೆ ಅಲ್ಲಿಯ ಪದ ದಾಸೋಹ. ಮಠವನ್ನು ಕಂಪನಿ ಎಂದರೆ ಬೈದಂತಾಗುತ್ತದೆ. ಅತ್ತ 2013ರ ಕಂಪನಿ ಕಾಯ್ದೆ ‘ಏಕವ್ಯಕ್ತಿ ಕಂಪನಿ’ಗೂ ಅವಕಾಶ ಮಾಡಿಕೊಟ್ಟಿದೆ. ಒಬ್ಬನೇ ಕೂತು ರೊಟ್ಟಿ ತಿಂದರೂ ಕಂಪನಿಯೇ ಎಂದಾಯಿತು. ಮೂಲಾರ್ಥವನ್ನು ಇಂಗ್ಲಿಷಿನವರೇ ಇಷ್ಟು ದೂರ ಬಿಟ್ಟು ಬಂದಿರುವಾಗ, ಕನ್ನಡದವರು ಅದಕ್ಕೆ ನಿಷ್ಠರಾಗಿಲ್ಲ ಎಂದು ದೂರುವಂತಿಲ್ಲ.

ಕನ್ನಡಕ್ಕೆ ಈ ಪದ ಬಂದದ್ದು ಊಟದ ಬಾಗಿಲಿನಿಂದಲ್ಲ, ದಂಡಿನ ಬಾಗಿಲಿನಿಂದ. ಅದೂ ಬೇರೆ ರೂಪದಲ್ಲಿ. ‘ಕುಂಪಣಿ’ ಎಂಬ ಮಾತನ್ನು ಲಾವಣಿಗಳಲ್ಲಿ, ಚರಿತ್ರೆಯ ಪುಸ್ತಕಗಳಲ್ಲಿ ಕಂಡವರಿಗೆ ಅದು ಈಸ್ಟ್ ಇಂಡಿಯಾ ಕಂಪನಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ತಮಿಳು, ತೆಲುಗಿನಲ್ಲೂ ಇದಕ್ಕೆ ಹತ್ತಿರದ ರೂಪಗಳಿವೆ. ಉಕಾರ ಸೇರಿ, ನಕಾರ ಣಕಾರವಾಗಿ, ನಮ್ಮ ನಾಲಗೆಗೆ ಪೂರ್ತಿ ಒಗ್ಗಿದ ಪದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಬೆನ್ನ ಹಿಂದೆ ನಿಂತಿದ್ದ ಕುಂಪಣಿ, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡು ಎದುರಿಗೇ ಬಂದು ಕೂತಿತು. 1858ರವರೆಗೆ ಈ ಸೀಮೆಯ ಕಂದಾಯ ಎತ್ತಿದವರು ಅದರ ಅಧಿಕಾರಿಗಳು. ಆ ಕಾಲದಲ್ಲಿ ಚಿತ್ರದುರ್ಗ ವಿಭಾಗವನ್ನು ನೋಡಿಕೊಂಡಿದ್ದ ಡಾಬ್ಸ್ ಎಂಬಾತನ ಹೆಸರು ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ. ಕುಂಪಣಿಯ ಮನುಷ್ಯನ ಹೆಸರಿನ ಆ ಊರಿನ ಸುತ್ತ ಈಗ ಕಂಪನಿಗಳದ್ದೇ ಸಾಲು ಎನ್ನುವುದು ಬರೀ ಕಾಕತಾಳೀಯ, ಆದರೂ ಸೊಗಸಾದದ್ದು. ಇಲ್ಲಿ ಗಮನಿಸಬೇಕಾದದ್ದು ‘ಕುಂಪಣಿ ಸರ್ಕಾರ’ ಎಂಬ ಜೋಡಿ ಪದ. ದೊರೆಯಲ್ಲ, ಆದರೂ ಆಳುತ್ತಾನೆ. ಬಂಧುವಲ್ಲ, ಜಾತಿಯವನಲ್ಲ, ಊರಿನವನಲ್ಲ, ಆದರೂ ಸಿಪಾಯಿಗೆ ತಿಂಗಳು ತಿಂಗಳು ಸಂಬಳ ಎಣಿಸುತ್ತಾನೆ. ಇಂಥ ಒಡೆಯನಿಗೆ ಹಳೆಯ ಕನ್ನಡದಲ್ಲಿ ಪದವಿರಲಿಲ್ಲ.

ಕುಂಪಣಿ ಎಂಬ ರೂಪ ಇತಿಹಾಸದಲ್ಲೇ ಉಳಿದುಕೊಂಡಿತು. ಮುಂದೆ ‘ಕಂಪನಿ’ ಇನ್ನೊಮ್ಮೆ ಬಂತು, ಈ ಸಲ ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಹೊತ್ತುಕೊಂಡು. ಮುಂಬಯಿಯ ಪಾರ್ಸಿ ನಾಟಕದವರು ಊರೂರು ಸುತ್ತತೊಡಗಿದಾಗ ಹೆಸರಿನಲ್ಲೇ ಈ ಪದ ಇಟ್ಟುಕೊಂಡಿದ್ದರು. 1868ರ ವಿಕ್ಟೋರಿಯಾ ಥಿಯೇಟ್ರಿಕಲ್ ಕಂಪನಿ ಅವುಗಳಲ್ಲಿ ಪ್ರಸಿದ್ಧವಾದದ್ದು. ಮರಾಠಿಯವರು ಅದೇ ಬಗೆಯ ವ್ಯವಸ್ಥೆಯನ್ನು ಮಂಡಳಿ ಎಂದರು. 1880ರ ಕಿರ್ಲೋಸ್ಕರ್ ನಾಟಕ ಮಂಡಳಿಯನ್ನು ನೆನೆಯಬಹುದು. ಕನ್ನಡದವರು ಹೆಸರಿಡುವಾಗ ಸಂಸ್ಕೃತದ ಕಡೆಗೇ ವಾಲಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ, ಗದಗದ ಗರೂಡ ಸದಾಶಿವರಾಯರದು ದತ್ತಾತ್ರೇಯ ನಾಟಕ ಮಂಡಳಿ, ಹಿರಣ್ಣಯ್ಯನವರದು ಮಿತ್ರ ಮಂಡಳಿ, ಏಣಗಿ ಬಾಳಪ್ಪನವರದು ಕಲಾವೈಭವ ನಾಟ್ಯ ಸಂಘ. ದಾವಣಗೆರೆಯ ಚಿಂದೋಡಿಯವರ ಕೆಬಿಆರ್ ಡ್ರಾಮಾ ಕಂಪನಿಯಂತೆ ಬೋರ್ಡಿನಲ್ಲೇ ಒಪ್ಪಿಕೊಂಡವು ಕಡಿಮೆ. ಜನ ಮಾತ್ರ ಸಭಾ, ಸಂಘ, ಮಂಡಳಿ ಎಂಬ ಭೇದವನ್ನೆಲ್ಲ ಒರೆಸಿಹಾಕಿ ಎಲ್ಲವನ್ನೂ ಕಂಪನಿ ಎಂದರು. ಹಾಗೆ ಒರೆಸಿಹಾಕಲು ಕಾರಣವಿತ್ತು. ಸಂಘ ಎಂದರೆ ಸದಸ್ಯರಿರಬೇಕು, ಸಭಾ ಎಂದರೆ ಸೇರಿ ತೀರ್ಮಾನಿಸಬೇಕು. ಇಲ್ಲಿ ಇದ್ದದ್ದು ಮಾಲೀಕ ಒಬ್ಬ, ಸಂಬಳದವರು ನೂರಾರು.

ಗುಬ್ಬಿ ಕಂಪನಿಯನ್ನೇ ತೆಗೆದುಕೊಳ್ಳಿ. ಆಸಕ್ತರ ಕೂಟವಾಗಿ ಹುಟ್ಟಿದ್ದು 1917ರಲ್ಲಿ ವೀರಣ್ಣನವರ ಒಡೆತನಕ್ಕೆ ಬಂತು. ರಂಗದ ಮೇಲೆ ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿಸುವಷ್ಟು ಅದು ಬೆಳೆದದ್ದು ಆ ಒಡೆತನದಲ್ಲಿ. ರಾಜಕುಮಾರ್ ಮತ್ತು ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಹುಡುಗನಾಗಿದ್ದಾಗಲೇ ಬಂದು ಸೇರಿದ ಬಿ.ವಿ. ಕಾರಂತ, ಇವರೆಲ್ಲ ‘ಗುಬ್ಬಿ ಕಂಪನಿ ಸೇರಿದರು’, ‘ಕಂಪನಿ ಬಿಟ್ಟರು’. ಸಂಘವಾಗಿದ್ದರೆ ಸದಸ್ಯರಾಗುತ್ತಿದ್ದರು, ಸೇರುವುದು, ಬಿಡುವುದು ಚಾಕರಿಯ ಕ್ರಿಯಾಪದಗಳು. ಮಾಲೀಕನಿಗೂ ಅವನದೇ ಕ್ರಿಯಾಪದವಿತ್ತು: ‘ಕಂಪನಿ ಕಟ್ಟು’. ಮನೆ ಕಟ್ಟಿದಂತೆ, ಕೆರೆ ಕಟ್ಟಿದಂತೆ ಕಂಪನಿ ಕಟ್ಟುತ್ತಿದ್ದರು. ಒಡೆದರೆ ಅವನ ಮನೆಯೇ ಒಡೆಯುತ್ತಿತ್ತು. ಕಾಯ್ದೆಯ ಕಂಪನಿಗೂ ನಾಟಕದ ಕಂಪನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇರುವುದು. ‘ಲಿಮಿಟೆಡ್’ ಎಂಬುದನ್ನು ಸರ್ಕಾರಿ ಕನ್ನಡ ‘ನಿಯಮಿತ’ ಎಂದು ಅನುವಾದಿಸಿದೆ. ಏನು ನಿಯಮಿತ ಎಂದು ಆ ಪದ ಹೇಳುವುದಿಲ್ಲ. ನಿಯಮಿತವಾಗಿರುವುದು ಷೇರುದಾರನ ಹೊಣೆ. ಕಂಪನಿ ಮುಳುಗಿದರೆ ಅವನ ಷೇರಿನ ಹಣ ಹೋಗುತ್ತದೆ, ಮನೆ ಉಳಿಯುತ್ತದೆ. ನಾಟಕದ ಮಾಲೀಕನಿಗೆ ಈ ರಕ್ಷಣೆ ಇರಲಿಲ್ಲ. ಮೊಕ್ಕಾಂ ಹಾಕಿದ ಊರಲ್ಲಿ ಮಳೆ ಹಿಡಿದು ಗಲ್ಲಾ ಬರಿದಾದರೆ ಸಾಲ ಅವನ ಹೆಸರಿಗೇ. ಆದರೂ ರಾತ್ರಿಯ ಅಡುಗೆ ನಿಲ್ಲುವಂತಿರಲಿಲ್ಲ. ನಟನಟಿಯರು, ಅವರ ಮಕ್ಕಳು, ಪರದೆ ಎಳೆಯುವವರು ಎಲ್ಲ ಕಂಪನಿಯ ಅಡುಗೆಮನೆಯಲ್ಲಿ ಉಣ್ಣುವ ಪದ್ಧತಿ ಅದು. ಲ್ಯಾಟಿನ್ನಿನ ಮೂಲಾರ್ಥ ಕನ್ನಡದಲ್ಲಿ ಎಲ್ಲಾದರೂ ಅಕ್ಷರಶಃ ನಿಜವಾಗಿದ್ದರೆ ಅದು ನಾಟಕ ಕಂಪನಿಯ ಪಂಕ್ತಿಯಲ್ಲಿ. ಆ ಮೂಲವನ್ನು ಯಾರೂ ನೆನೆದು ಹಾಗೆ ಮಾಡಿದ್ದಲ್ಲ.

ಕಂಪನಿ ಎಂದರೆ ಸಂಬಳ ಕೊಡುವ ಹೊರಗಿನ ಒಡೆತನ ಎಂಬ ನನ್ನ ಮಾತಿಗೆ ಅತ್ಯಂತ ಗಟ್ಟಿ ಸಾಕ್ಷ್ಯ ಗುಬ್ಬಿ ಕಂಪನಿಯಲ್ಲಿಲ್ಲ. ಅದು ಬಿತ್ತಿದ ಬೀಜದಲ್ಲಿದೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಇಳಿದಿಲ್ಲ. ಡ್ರಾಮಾ ಮಾಸ್ತರು ಬಂದು ತಿಂಗಳುಗಟ್ಟಲೆ ಹಾಡು, ಮಾತು ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀಪಾತ್ರಕ್ಕೆ ಕಲಾವಿದೆಯರನ್ನು ಕರೆಸುತ್ತಾರೆ, ಇರುಳಿಡೀ ‘ಕುರುಕ್ಷೇತ್ರ’. ವೀರಣ್ಣನವರ ಹೆಸರಿನ ತುಮಕೂರಿನ ಕಲಾಕ್ಷೇತ್ರದಲ್ಲೂ ಇಂಥ ನಾಟಕಗಳು ನಡೆಯುತ್ತವೆ. ಕಥೆ ಅದೇ, ಮಟ್ಟುಗಳೂ ಬಹುಪಾಲು ಅವೇ, ಕಿರೀಟ ಗದೆಗಳ ಥಳಕೂ ಅದೇ. ಕರಪತ್ರದಲ್ಲಿ ‘ಕೃಪಾಪೋಷಿತ ನಾಟಕ ಮಂಡಳಿ’ ಎಂಬ ಒಕ್ಕಣೆಯೂ ಹಾಗೇ ಉಳಿದಿದೆ, ದೇವರ ಹೆಸರು ಮಾತ್ರ ಊರಿಗೊಂದು. ಆದರೂ ಇದನ್ನು ಕಂಪನಿ ಎಂದು ಯಾರೂ ಕರೆಯುವುದಿಲ್ಲ. ವ್ಯತ್ಯಾಸ ಏನು? ಇಲ್ಲಿ ದುರ್ಯೋಧನನ ಪಾರ್ಟು ಮಾಡುವವನು ಸಂಬಳ ತೆಗೆದುಕೊಳ್ಳುವುದಿಲ್ಲ. ತಾನೇ ಕೈಯಿಂದ ದುಡ್ಡು ಹಾಕುತ್ತಾನೆ. ಪಾತ್ರ ದೊಡ್ಡದಾದಷ್ಟೂ ಪಾಲು ದೊಡ್ಡದು. ಕೃಷ್ಣನಿಗೊಂದು ದರ, ದ್ವಾರಪಾಲಕನಿಗೊಂದು. ನಟನಿಗೆ ದುಡ್ಡು ಬಂದರೆ ಕಂಪನಿ, ನಟನೇ ದುಡ್ಡು ಕೊಟ್ಟರೆ ಮಂಡಳಿ. ಈ ಗೆರೆಯನ್ನು ಯಾವ ವ್ಯಾಕರಣವೂ ಎಳೆದಿಲ್ಲ, ಆದರೂ ತಪ್ಪುವವರಿಲ್ಲ. ಮೂಡಲಪಾಯ ಯಕ್ಷಗಾನದ ಭಾಗವತರ ಮೇಳ ಮೇಳವಾಗಿಯೇ ಉಳಿದದ್ದೂ ಇದೇ ಕಾರಣಕ್ಕೆ.

ನಾಟಕದ ಪ್ರಸಂಗ ಬಿಡುವ ಮೊದಲು ಇನ್ನೊಂದು ಮಾತು. ‘ಕಂಪನಿ ನಾಟಕ’ ಎಂಬ ಜೋಡಿಪದ ಮೊದಲು ಯಾರ ನಾಟಕ ಎಂದು ಹೇಳುತ್ತಿತ್ತು. ಆಮೇಲೆ ಎಂಥ ನಾಟಕ ಎಂದು ಹೇಳತೊಡಗಿತು. ಬೆಂಗಳೂರಿನಲ್ಲಿ 1909ರಲ್ಲಿ ಹವ್ಯಾಸಿಗಳ ಸಂಘ ಹುಟ್ಟಿ, ನಾಟಕಕಾರ ಕೈಲಾಸಂ ಬಂದು ಮನೆಯ ಹಜಾರದ ಮಾತನ್ನು ರಂಗಕ್ಕೆ ತಂದ ಮೇಲೆ, ಕಂಪನಿ ನಾಟಕವೆಂದರೆ ಎತ್ತರಿಸಿದ ದನಿ, ಸಂದರ್ಭವಿಲ್ಲದ ಹಾಡು, ಬಣ್ಣದ ಪರದೆ ಎಂಬ ಮೂದಲಿಕೆ ಓದಿದವರಲ್ಲಿ ಬೆಳೆಯಿತು. ಇಂದಿಗೂ ಅತಿಯಾಗಿ ಅತ್ತವನಿಗೆ ‘ಕಂಪನಿ ನಾಟಕ ಬೇಡ’ ಎನ್ನುವುದುಂಟು. ವಿದ್ವಾಂಸರು ಈ ಕಳಂಕದಿಂದ ಪಾರಾಗಲು ‘ವೃತ್ತಿ ರಂಗಭೂಮಿ’ ಎಂಬ ಪದ ತಂದರು. ಒಳ್ಳೆಯ ಪದವೇ. ಆದರೆ ವೃತ್ತಿ ಎಂದಾಗ ನಟನ ಕಸುಬು ಕಾಣುತ್ತದೆ, ಮಾಲೀಕ ಮರೆಯಾಗುತ್ತಾನೆ. ಕಂಪನಿ ಎಂಬ ಮಾತಿನಲ್ಲಿ ಇಬ್ಬರೂ ಇದ್ದರು.

ತುಮಕೂರಿನ ಈಗಿನ ಕಂಪನಿಗಳು ವಸಂತನರಸಾಪುರದಲ್ಲಿ, ಹಿರೇಹಳ್ಳಿಯಲ್ಲಿ, ಅಂತರಸನಹಳ್ಳಿಯಲ್ಲಿ, ಕುಣಿಗಲ್ಲಿನ ಅಂಚೇಪಾಳ್ಯದಲ್ಲಿ ಇವೆ. ಈ ಕೈಗಾರಿಕಾ ಪ್ರದೇಶಗಳಲ್ಲಿ ‘ಕಂಪನಿ ಕಟ್ಟಿದರು’ ಎನ್ನುವುದಿಲ್ಲ, ‘ಕಂಪನಿ ಹಾಕಿದ್ದಾರೆ’ ಎನ್ನುತ್ತಾರೆ, ಹಾಕುವವರು ಹೊರಗಿನವರು. ಹುಡುಗರು ‘ಕಂಪನಿಗೆ ಹೋಗುತ್ತಾರೆ’. ವರನ ಜಾತಕದ ಜೊತೆ ಬರುವ ‘ಬೆಂಗಳೂರಿನಲ್ಲಿ ಕಂಪನಿ ಕೆಲಸ’ ಎಂಬ ಮಾತು ಸಾಫ್ಟ್‌ವೇರಿನಿಂದ ಹಿಡಿದು ಪೀಣ್ಯದ ಲೇತ್ ಮೆಷಿನ್‌ವರೆಗೆ ಏನನ್ನಾದರೂ ಒಳಗೊಳ್ಳಬಹುದು; ಮದುವೆ ದಲ್ಲಾಳಿಗೆ ಈ ಅಸ್ಪಷ್ಟತೆ ಒಂದು ವರ. ಆದರೆ ಒಂದನ್ನು ಮಾತ್ರ ಅದು ಖಚಿತವಾಗಿ ಹೊರಗಿಡುತ್ತದೆ: ಸರ್ಕಾರಿ ಕೆಲಸ. ತುಮಕೂರಿನಲ್ಲಿ 1978ರಿಂದ ಗಡಿಯಾರ ಮಾಡಿದ ಎಚ್‌ಎಂಟಿ ಕಾಯ್ದೆಯ ಲೆಕ್ಕದಲ್ಲಿ ಕಂಪನಿಯೇ. ಜನರಿಗೆ ಅದು ‘ವಾಚ್ ಫ್ಯಾಕ್ಟರಿ’, ಅಲ್ಲಿಯದು ಸರ್ಕಾರಿ ನೌಕರಿಗೆ ಸಮನಾದ ನೌಕರಿ. 2016ರಲ್ಲಿ ಮುಚ್ಚುವ ತೀರ್ಮಾನವಾಗಿ ಅದರ ಜಾಗ ಇಸ್ರೊಗೆ ಹೋಯಿತು. ಸರ್ಕಾರದ ಒಂದು ಕೈಯಿಂದ ಇನ್ನೊಂದು ಕೈಗೆ ಎಂದೇ ಊರು ಅದನ್ನು ಕಂಡಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎದ್ದು 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾದ ಹೆಲಿಕಾಪ್ಟರ್ ಕಾರ್ಖಾನೆಯ ಕಥೆಯೂ ಅಷ್ಟೇ. ಅದು ಎಚ್‌ಎಎಲ್, ಕಂಪನಿಯಲ್ಲ. ಷೇರುಪೇಟೆಯಲ್ಲಿ ಅದರ ಷೇರು ಮಾರಾಟವಾಗುತ್ತದೆ ಎಂದು ಹೇಳಿದರೂ ಗುಬ್ಬಿಯವರ ಮಾತು ಬದಲಾಗುವುದಿಲ್ಲ.

ಕಾರ್ಖಾನೆಯ ಗೇಟಿನ ಒಳಗೆ ಹೋದರೆ ಪದ ಇನ್ನೂ ಬಿಗಿಯಾಗುತ್ತದೆ. ಒಂದೇ ಯಂತ್ರದ ಎದುರು ನಿಂತ ಇಬ್ಬರಲ್ಲಿ ಒಬ್ಬ ‘ಕಂಪನಿ ರೋಲ್’, ಇನ್ನೊಬ್ಬ ‘ಕಾಂಟ್ರಾಕ್ಟ್’. ಇಬ್ಬರೂ ಕಂಪನಿಗೇ ಹೋಗುವವರು, ಆದರೆ ‘ಕಂಪನಿಯವನು’ ಮೊದಲನೆಯವನು ಮಾತ್ರ. ಎರಡನೆಯವನಿಗೆ ಸಂಬಳ ಎಣಿಸುವವನು ಗುತ್ತಿಗೆದಾರ. ಗುತ್ತಿಗೆ ಕಾರ್ಮಿಕರ ಬಗ್ಗೆ 1970ರಲ್ಲೇ ಬಂದ ಕಾಯ್ದೆ ಪುಟಗಟ್ಟಲೆ ವಿವರಿಸಿದ ಭೇದವನ್ನು ಟೀ ಅಂಗಡಿಯ ಮಾತು ಎರಡು ಪದಗಳಲ್ಲಿ ಮುಗಿಸಿದೆ. ಸಂಬಳ ನೇರವಾಗಿ ಯಾರಿಂದ ಬರುತ್ತದೆ ಎಂಬುದೇ ಇಲ್ಲೂ ಅಳತೆಗೋಲು.

ಈಗ ಕುಣಿಗಲ್ಲಿನವರು ಎತ್ತಬಹುದಾದ ಆಕ್ಷೇಪ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ, ಆಮೇಲೆ ಬ್ರಿಟಿಷರ, ಮೈಸೂರು ಅರಸರ ಕೈ ದಾಟಿ ಬಂದ ಅಲ್ಲಿಯ ಕುದುರೆ ಫಾರಂ ಸರ್ಕಾರದ ನೆಲ. 1992ರಿಂದ ಗುತ್ತಿಗೆಯ ಮೇಲೆ ನಡೆಸಿದ್ದು ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಎಂಬ ಖಾಸಗಿ ಕಂಪನಿ. ಹೊರಗಿನ ಒಡೆತನ ಇತ್ತು, ಸಂಬಳ ಇತ್ತು. ಆದರೂ ಅದು ‘ಸ್ಟಡ್ ಫಾರಂ’, ಕಂಪನಿಯಲ್ಲ. ಹಾಗಾದರೆ ನನ್ನ ಸೂತ್ರ ಬಿತ್ತಲ್ಲ? ಬೀಳಲಿಲ್ಲ, ಸ್ವಲ್ಪ ತಿದ್ದಬೇಕಾಯಿತು. ಜಾಗಕ್ಕೆ ಮೊದಲೇ ಹೆಸರಿದ್ದರೆ ಕಂಪನಿ ಎಂಬ ಪದ ಅದನ್ನು ಕಿತ್ತುಹಾಕುವುದಿಲ್ಲ. ಹೊಲಿಗೆಯ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ‘ಗಾರ್ಮೆಂಟ್ಸ್’ಗೆ ಹೋಗುತ್ತಾರೆ, ಅಕ್ಕಿ ಮಾಡುವುದು ‘ಮಿಲ್ಲು’. ತುಮಕೂರಿನ ಮಂಡಿಪೇಟೆಯ ಬೋರ್ಡುಗಳಲ್ಲಿ ‘ಅಂಡ್ ಕೋ’, ‘ಅಂಡ್ ಕಂಪನಿ’ ಎಂದು ಎಷ್ಟೇ ಬರೆದಿದ್ದರೂ ಅದು ಮಂಡಿ, ಕೂತವರು ಸಾಹುಕಾರರು. ಮಂಡಿಯ ವಿಷಯದಲ್ಲಂತೂ ಜನ ಬೋರ್ಡಿಗಿಂತ ಕಾನೂನಿಗೆ ಹತ್ತಿರವಿದ್ದಾರೆ: ಹೆಸರಿನಲ್ಲಿ ಕಂಪನಿ ಎಂದಿದ್ದರೂ 1932ರ ಪಾಲುದಾರಿಕೆ ಕಾಯ್ದೆಯಡಿಯ ಸಂಸ್ಥೆ ಕಂಪನಿಯಲ್ಲ. ಆದರೆ ಜಾಗ ಯಾವುದು ಎಂಬ ಪ್ರಶ್ನೆ ಬಿಟ್ಟು ಯಾರು ಎಂಬ ಪ್ರಶ್ನೆ ಬಂದಾಗ ನೋಡಿ. ಗುತ್ತಿಗೆ ಹಿಡಿದವರು ಯಾರು, ಹೊಲಕ್ಕೆ ಸರ್ವೆ ಮಾಡಲು ಬಂದವರು ಯಾರು, ಬೀಜ ಮಾರಿ ಹೋದವರು ಯಾರು ಎಂದರೆ ಉತ್ತರ ಒಂದೇ: ‘ಕಂಪನಿಯವರು’. ಕಂಪನಿ ಎಂಬುದು ಕಟ್ಟಡಕ್ಕಿಂತ ಹೆಚ್ಚಾಗಿ ಒಡೆಯರ ಹೆಸರು.

ಅಂಗಡಿಯ ಮಾತಿನ ‘ಯಾವ ಕಂಪನಿದು?’ ಎಂಬ ಪ್ರಶ್ನೆಯೂ ಇದರಿಂದಲೇ ಅರ್ಥವಾಗುತ್ತದೆ. ಫ್ಯಾನು, ಪಂಪ್‌ಸೆಟ್ಟು, ಮೊಬೈಲು ಯಾವುದಕ್ಕೂ ಕೇಳುವ ಪ್ರಶ್ನೆ ಇದು. ಇಂಗ್ಲಿಷಿನವರು ಇಲ್ಲಿ ಬ್ರ್ಯಾಂಡ್ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ‘ಕಂಪನಿ ಪಾರ್ಟ್ಸ್ ಹಾಕಲಾ, ಲೋಕಲ್ ಹಾಕಲಾ?’ ಎಂದು ಕೇಳುವಾಗ ಕಂಪನಿ ಎಂದರೆ ಅಸಲಿ. ಲೋಕಲ್ ಪಾರ್ಟನ್ನೂ ಯಾವುದೋ ಕಂಪನಿಯೇ ಮಾಡಿರುತ್ತದೆ ಎಂದು ವಾದಿಸಿದರೆ ಅವನು ನಗುತ್ತಾನೆ. ಅವನ ಲೆಕ್ಕದಲ್ಲಿ ಕಂಪನಿ ಎಂದರೆ ಮಾಲಿನ ಹಿಂದೆ ಹೆಸರು ಹೇಳಿಕೊಂಡು ನಿಂತ ಒಡೆಯ, ಕೆಟ್ಟರೆ ಕೇಳಬಹುದಾದ ಒಡೆಯ. ದೂರದ ಒಡೆತನದಿಂದ ಭಯವೂ ಹುಟ್ಟುತ್ತದೆ, ಭರವಸೆಯೂ ಹುಟ್ಟುತ್ತದೆ. ಕುಂಪಣಿಯಲ್ಲಿ ಮೊದಲನೆಯದು ಹೆಚ್ಚಿತ್ತು, ಕಂಪನಿ ಪಾರ್ಟಿನಲ್ಲಿ ಎರಡನೆಯದು.

ಒಂದು ಬಳಕೆ ಮಾತ್ರ ಈ ಕುಟುಂಬಕ್ಕೆ ಸೇರುವುದಿಲ್ಲ, ಬಲವಂತವಾಗಿ ಸೇರಿಸಲೂ ಹೋಗುವುದಿಲ್ಲ. ‘ಬಾರೋ, ಸುಮ್ಮನೆ ಕಂಪನಿ ಕೊಡು’ ಎಂಬುದು. ಬಾರಿನ ಮೇಜಿನಲ್ಲಿ ಸೋಡಾ ಕುಡಿಯುತ್ತ ಕಡಲೆಕಾಯಿ ಖಾಲಿ ಮಾಡುವವನು ಕೊಡುವ ಈ ಕಂಪನಿಗೆ ಮಾಲೀಕನೂ ಇಲ್ಲ, ಸಂಬಳವೂ ಇಲ್ಲ. ಇದು ಪೇಟೆಯ ಇಂಗ್ಲಿಷಿನಿಂದ ತಡವಾಗಿ ಬಂದ ಬೇರೆಯೇ ಸಾಲ. ‘ಕೊಡು’ ಎಂಬ ಕ್ರಿಯಾಪದವೇ ಅದನ್ನು ಬೇರೆ ಮಾಡಿ ತೋರಿಸುತ್ತದೆ. ನಾಟಕ ಕಂಪನಿಯನ್ನು ಯಾರೂ ಕೊಡುವುದಿಲ್ಲ, ಒಡನಾಟವನ್ನು ಯಾರೂ ಕಟ್ಟುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಪದವಿರಲಿಲ್ಲವೇ ಎಂದರೆ ‘ಜೊತೆ’ ಇತ್ತು, ‘ಸಹವಾಸ’ ಇತ್ತು. ಸಹವಾಸ ಎಂದಕೂಡಲೇ ದೋಷ ನೆನಪಾಗುತ್ತದೆ, ಜೊತೆ ಎಂದರೆ ನಂಟು ಗಟ್ಟಿಯಾಗುತ್ತದೆ. ಎರಡು ಗಂಟೆಯ, ಹೊಣೆಯಿಲ್ಲದ, ಎದ್ದು ಹೋದರೆ ಮುಗಿದ ಕೂಡುವಿಕೆಗೆ ಎರಡೂ ಭಾರ. ಹೆಸರು ಹೇಳಿ ಮುಂದೆ ‘ಅಂಡ್ ಕಂಪನಿ’ ಎಂದು ಸೇರಿಸಿ ಇಡೀ ಪಟಾಲಮ್ಮನ್ನು ಹಂಗಿಸುವುದೂ ಇದೇ ಕೊಂಬೆಯ ಚಿಗುರು.

ಇಷ್ಟೆಲ್ಲ ಅರ್ಥಗಳು ಇಂಗ್ಲಿಷಿನಲ್ಲೇ ಇದ್ದವು, ಕನ್ನಡ ನಕಲು ಮಾಡಿತು ಅಷ್ಟೇ ಎಂದು ಯಾರಾದರೂ ಹೇಳಬಹುದು. ನಕಲಾಗಿದ್ದರೆ ಎಲ್ಲವೂ ಬರಬೇಕಿತ್ತು. ಮನೆಗೆ ನೆಂಟರು ಬಂದಾಗ ‘ಕಂಪನಿ ಬಂದಿದೆ’ ಎಂದು ಗುಬ್ಬಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಸಾಲ ವಸೂಲಿಗೆ ಬಂದರೆಂದು ತಿಳಿದಾರು. ಬಂದ ಕ್ರಮವೂ ತಲೆಕೆಳಗು. ಇಂಗ್ಲಿಷಿನಲ್ಲಿ ಒಡನಾಟ ಮೊದಲು, ವ್ಯಾಪಾರ ಆಮೇಲೆ. ನಮ್ಮಲ್ಲಿ ಆಳುವ ವರ್ತಕ ಮೊದಲು, ಬಳಿಕ ನಾಟಕ, ಕಾರ್ಖಾನೆ, ಕೊನೆಗೆ ಒಡನಾಟ. ಇನ್ನು ಕನ್ನಡಾಭಿಮಾನಿಗಳ ಆಕ್ಷೇಪ: ‘ಸಂಸ್ಥೆ’ ಎಂಬ ಪದ ಇರುವಾಗ ಕಂಪನಿ ಏಕೆ? ಶಾಲೆ, ಅನಾಥಾಲಯ, ಬ್ಯಾಂಕು ಎಲ್ಲವನ್ನೂ ನುಂಗಿ ಕೂತಿರುವ ಸಂಸ್ಥೆಗೆ ಲಾಭ ಯಾರ ಜೇಬಿಗೆ ಎಂದು ತೋರಿಸುವ ಶಕ್ತಿ ಇಲ್ಲ. ಅದು ಸಭ್ಯ ಪದ. ಪತ್ರಿಕೆಗಳು ‘ಖಾಸಗಿ ಸಂಸ್ಥೆ’ ಎಂದು ಬರೆದಾಗ ಮರೆಯಾಗುವುದನ್ನು ಹಳ್ಳಿಯವನ ‘ಕಂಪನಿಯವರು’ ಬಯಲು ಮಾಡುತ್ತದೆ. ಅನುವಾದದ ಹೆಸರಿನಲ್ಲಿ ಈ ಪದವನ್ನು ಓಡಿಸುವುದು ಕನ್ನಡಕ್ಕೇ ನಷ್ಟ.

ಪದ ತಪ್ಪಿದಾಗ ಆಗುವ ನಷ್ಟ ಪದಕೋಶದ ನಷ್ಟವಷ್ಟೇ ಅಲ್ಲ. 2002ರ ತಿದ್ದುಪಡಿಯಿಂದ ರೈತರು ‘ಉತ್ಪಾದಕ ಕಂಪನಿ’ ಕಟ್ಟಿಕೊಳ್ಳಲು ದಾರಿಯಾಯಿತು. ಹತ್ತು ಜನ ಬೆಳೆಗಾರರು ಸೇರಿದರೆ ಸಾಕು. ಷೇರು ಎಷ್ಟೇ ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ತೆಂಗು ಬೆಳೆಯುವ ಈ ಸೀಮೆಯಲ್ಲೂ ಅಂಥವು ಹುಟ್ಟಿವೆ. ಹಾಲಿನ ಡೈರಿಯನ್ನು ಸಂಘ ಎಂದು ಕರೆದು ಬೆಳೆದ ರೈತ ಇದನ್ನೂ ಸಂಘ ಎಂದರೆ ತಪ್ಪು ಅವನದಲ್ಲ, ಗುಣದಲ್ಲಿ ಅದು ಸಂಘವೇ. ಕಾಯ್ದೆ ಕಂಪನಿಯ ಅಂಗಿ ತೊಡಿಸಿದೆ, ಅಷ್ಟೆ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಕಿರುಸಾಲದ ವ್ಯವಹಾರ. ಹತ್ತು ಹನ್ನೆರಡು ಹೆಂಗಸರನ್ನು ಗುಂಪು ಮಾಡಿ, ಒಬ್ಬರಿಗೊಬ್ಬರನ್ನು ಜಾಮೀನು ಮಾಡಿ, ವಾರದ ಕಂತು ಎತ್ತುವುದು ಫೈನಾನ್ಸ್ ಕಂಪನಿ. ಆದರೆ ಸ್ತ್ರೀಶಕ್ತಿ ಸ್ವಸಹಾಯ ಗುಂಪಿನಂತೆಯೇ ಕೂತು ಪುಸ್ತಕಕ್ಕೆ ಸಹಿ ಹಾಕುವುದರಿಂದ ಅದು ‘ಸಂಘ’ವಾಯಿತು, ಸಾಲ ‘ಸಂಘದ ಸಾಲ’ವಾಯಿತು. ಇಷ್ಟು ಕಾಲ ಬೋರ್ಡು ಸಂಘ ಎಂದರೂ ಕಂಪನಿಯನ್ನು ಗುರುತಿಸುತ್ತಿದ್ದ ಬಾಯಿ ಇಲ್ಲಿ ಮೊದಲ ಸಲ ಮೋಸಹೋಗಿದೆ. ಸಂಘದ ದುಡ್ಡು ನಮ್ಮದೇ ಉಳಿತಾಯ, ಬಡ್ಡಿ ನಮಗೇ ಬರುತ್ತದೆ. ಕಂಪನಿಯ ದುಡ್ಡು ಪರರದು, ಬಡ್ಡಿ ಊರು ಬಿಟ್ಟು ಹೋಗುತ್ತದೆ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ದಂಡ, ಶಿಕ್ಷೆಗಳೆಲ್ಲ ಇರಲಿ. ಅದರ ಜೊತೆಗೆ ಪ್ರತಿ ಸಾಲದ ಪುಸ್ತಕದ ಮೊದಲ ಪುಟದಲ್ಲಿ, ‘ಇದು ಸಂಘದ ಸಾಲವಲ್ಲ, ಕಂಪನಿಯ ಸಾಲ’ ಎಂದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚಾಗಲಿ. ಸಹಿ ಹಾಕುವ ಮೊದಲು ಅದನ್ನು ಒಬ್ಬರು ಗಟ್ಟಿಯಾಗಿ ಓದಿ ಹೇಳಲಿ.